ಟೋಟಲ್ ಲಾಸ್ ಆದ ಗಾಡಿ: ಇಟ್ಟುಕೊಂಡು ರಿಪೇರಿ ಮಾಡಿಸಲಾ, ಬಿಟ್ಟುಕೊಡಲಾ?

ಅರಸೀಕೆರೆ ಅಣ್ಣ:

ಎಲ್ಲರಿಗೂ ನಮಸ್ಕಾರ. ತಮ್ಮನ ಗಾಡಿ ವಿಷಯದಲ್ಲಿ ಸಲಹೆ ಬೇಕಿತ್ತು.

ಗಾಡಿ ಹೋಂಡಾ ಯೂನಿಕಾರ್ನ್. ತೆಗೆದುಕೊಂಡು ಮೂರು ವರ್ಷ ದಾಟಿದೆ, ಇನ್ನೂ ನಾಲ್ಕು ತುಂಬಿಲ್ಲ. ಆರ್‌ಸಿ ನನ್ನ ಹೆಸರಲ್ಲಿದೆ, ಓಡಿಸುವುದು ತಮ್ಮ. ಕಳೆದ ತಿಂಗಳು ರಾತ್ರಿ ಬಾಣಾವರದಿಂದ ಊರಿಗೆ ಬರುತ್ತಿದ್ದ. ರಸ್ತೆಯಲ್ಲೇ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್ ನಿಂತಿತ್ತು. ಟ್ರೈಲರ್ ಹಿಂದೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಎದುರಿಂದ ಲಾರಿಯ ಹೈಬೀಮ್ ಬೇರೆ. ನೇರ ಹೋಗಿ ಗುದ್ದಿದ್ದಾನೆ. ಹೆಲ್ಮೆಟ್ ಹಾಕಿದ್ದ, ತಲೆಗೆ ಏನೂ ಆಗಲಿಲ್ಲ. ಎಡಗಡೆ ಕಾಲರ್ ಬೋನ್ ಮುರಿದಿದೆ. ಹಾಸನದಲ್ಲಿ ಆಪರೇಷನ್ ಆಯಿತು, ಈಗ ಮನೆಯಲ್ಲಿದ್ದಾನೆ. ಅವನು ಉಳಿದಿದ್ದೇ ದೊಡ್ಡದು.

ಈಗ ಗಾಡಿ ವಿಷಯ. ಪಾಲಿಸಿಯಲ್ಲಿ ಐಡಿವಿ, ಅಂದರೆ ಇನ್ಶೂರೆನ್ಸ್‌ನವರು ಗಾಡಿಗೆ ಕಟ್ಟಿದ ಬೆಲೆ, ₹58,200. ಝೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ಕವರ್) ಇಲ್ಲ. ಸರ್ವಿಸ್ ಸೆಂಟರ್‌ನವರು ₹61,000 ಎಸ್ಟಿಮೇಟ್ ಕೊಟ್ಟಿದ್ದಾರೆ. ಫ್ರೇಮ್, ಫೋರ್ಕ್, ಮುಂದಿನ ವೀಲ್, ಟ್ಯಾಂಕ್, ಹೆಡ್‌ಲೈಟ್, ಮೀಟರ್, ಹ್ಯಾಂಡಲ್, ಹೀಗೆ ಪಟ್ಟಿ ಉದ್ದ ಇದೆ. ಇನ್ಶೂರೆನ್ಸ್‌ನ ಸರ್ವೇಯರ್ ನೋಡಿ ಟೋಟಲ್ ಲಾಸ್ (ಗಾಡಿ ಪೂರ್ತಿ ಹೋದ ಲೆಕ್ಕ) ಮಾಡೋಣ ಎಂದರು. ಎರಡು ದಾರಿ ಹೇಳಿದ್ದಾರೆ. ಗಾಡಿ ಬಿಟ್ಟುಕೊಟ್ಟರೆ ಐಡಿವಿಯಲ್ಲಿ ₹100 ಕಳೆದು ₹58,100 ಕೊಡುತ್ತಾರೆ. ಗಾಡಿ ನಾವೇ ಇಟ್ಟುಕೊಂಡರೆ ಸಾಲ್ವೇಜ್ (ಒಡೆದ ಗಾಡಿಯ) ಬೆಲೆ ಎಂದು ₹16,000 ಮುರಿದುಕೊಂಡು ₹42,100 ಕೊಡುತ್ತಾರೆ.

ನಮ್ಮ ಮಾವನಿಗೆ ಪರಿಚಯದ ಮೆಕ್ಯಾನಿಕ್ ಒಬ್ಬರು ₹28,000ಕ್ಕೆ ರೆಡಿ ಮಾಡಿಕೊಡುತ್ತೇನೆ ಎಂದಿದ್ದಾರೆ. ಹಾಗಾದರೆ ಗಾಡಿಯೂ ಉಳಿಯುತ್ತದೆ, ಕೈಯಲ್ಲಿ ₹14,000 ಮೇಲೂ ಉಳಿಯುತ್ತದೆ ಎನ್ನುವುದು ಮಾವನ ಲೆಕ್ಕ. ಅಮ್ಮ ಮಾತ್ರ ಆ ಗಾಡಿ ಮನೆ ಅಂಗಳಕ್ಕೆ ಬರುವುದು ಬೇಡ ಎನ್ನುತ್ತಿದ್ದಾರೆ. ತಮ್ಮ ಏನೂ ಹೇಳುತ್ತಿಲ್ಲ. ನಿಮ್ಮ ಅಭಿಪ್ರಾಯ ಏನು?

ತುಮಕೂರು ಗ್ಯಾರೇಜ್:

ತಮ್ಮ ಹುಷಾರಾಗಿರುವುದು ಕೇಳಿ ಸಮಾಧಾನ ಆಯಿತು ಅಣ್ಣ.

ದುಡ್ಡಿನ ಲೆಕ್ಕ ಆಮೇಲೆ ನೋಡೋಣ. ಮೊದಲು ಒಂದೇ ಪ್ರಶ್ನೆ. ಚಾಸಿ, ಅಂದರೆ ಫ್ರೇಮ್, ಬೆಂಡ್ ಆಗಿದೆಯಾ, ಇಲ್ಲವಾ? ಟ್ಯಾಂಕ್, ಡೂಮ್, ಇಂಡಿಕೇಟರ್, ಮಡ್‌ಗಾರ್ಡ್ ಎಷ್ಟೇ ಪುಡಿಯಾಗಿದ್ದರೂ ಅದು ಬರೀ ದುಡ್ಡಿನ ವಿಷಯ. ಚಾಸಿ ಹಾಗಲ್ಲ. ನಿಂತ ಟ್ರೈಲರ್‌ಗೆ ನೇರ ಗುದ್ದಿದ ಗಾಡಿಯಲ್ಲಿ ಪೆಟ್ಟು ವೀಲ್‌ನಿಂದ ಫೋರ್ಕ್‌ಗೆ, ಫೋರ್ಕ್‌ನಿಂದ ನೆಕ್‌ಗೆ ಹೋಗಿರುತ್ತದೆ. ಹ್ಯಾಂಡಲ್ ತಿರುಗುವ ಕೊಳವೆ ಇದೆಯಲ್ಲ, ಅದೇ ನೆಕ್.

ನೀವೇ ನೋಡಬಹುದಾದ ಕೆಲವು ಗುರುತು ಹೇಳುತ್ತೇನೆ.

ಟ್ಯಾಂಕ್ ಬಿಚ್ಚಿಸಿ. ಟ್ಯಾಂಕ್ ಇದ್ದರೆ ಮುಖ್ಯವಾದ ಜಾಗ ಕಾಣುವುದೇ ಇಲ್ಲ. ನೆಕ್‌ನಿಂದ ಹಿಂದಕ್ಕೆ ಪೈಪ್ ಹೊರಡುವ ಕಡೆ ವೆಲ್ಡಿಂಗ್ ಇರುತ್ತದೆ. ಅದರ ಅಕ್ಕಪಕ್ಕ ಟಾರ್ಚ್ ಬಿಟ್ಟು ನೋಡಿ. ಬಣ್ಣ ಸುಕ್ಕುಗಟ್ಟಿದ್ದರೆ, ಸಣ್ಣ ಸಣ್ಣ ಚಕ್ಕೆ ಎದ್ದಿದ್ದರೆ, ಒಳಗಿನ ಕಬ್ಬಿಣ ಎಳೆದಿದೆ ಎಂದು ಅರ್ಥ. ಬಣ್ಣ ಸುಳ್ಳು ಹೇಳುವುದಿಲ್ಲ. ಕೈ ಬೆರಳಿಂದ ಸವರಿದರೂ ಉಬ್ಬು ಗೊತ್ತಾಗುತ್ತದೆ.

ಯೂನಿಕಾರ್ನ್‌ದು ಡೈಮಂಡ್ ಫ್ರೇಮ್. ಕೆಳಗಡೆ ಎಂಜಿನ್ ಅನ್ನು ಸುತ್ತಿ ಬರುವ ಪೈಪ್ ಇಲ್ಲ. ಎಂಜಿನ್ನೇ ಫ್ರೇಮಿನ ಒಂದು ಭಾಗವಾಗಿ ಕೂತಿರುತ್ತದೆ. ಹಾಗಾಗಿ ಎಂಜಿನ್ ಮೌಂಟಿಂಗ್ ಬೋಲ್ಟ್ ಒಂದನ್ನು ಸಡಿಲ ಮಾಡಿ ಎಳೆದು ನೋಡಿ. ಸಲೀಸಾಗಿ ಬಂದು ಸಲೀಸಾಗಿ ವಾಪಸ್ ಹೋದರೆ ಸಮಾಧಾನ. ಸುತ್ತಿಗೆಯಲ್ಲಿ ಹೊಡೆದೇ ತೆಗೆಯಬೇಕು ಎಂದರೆ, ಒಮ್ಮೆ ತೆಗೆದ ಮೇಲೆ ತೂತಿಗೆ ತೂತು ಕೂಡುವುದಿಲ್ಲ ಎಂದರೆ, ಫ್ರೇಮ್ ತಿರುಚಿದೆ.

ಆಮೇಲೆ ಅಳತೆ. ಈ ಗಾಡಿಯ ವೀಲ್‌ಬೇಸ್ 1335 ಎಂಎಂ. ಮುಂದಿನ ಆಕ್ಸಲ್ ನಡುವಿನಿಂದ ಹಿಂದಿನ ಆಕ್ಸಲ್ ನಡುವಿಗೆ ಎರಡೂ ಕಡೆ ಟೇಪ್ ಹಿಡಿಯಿರಿ. ಚೈನ್ ಅಡ್ಜಸ್ಟರ್ ಎಲ್ಲಿದೆ ಎನ್ನುವುದರ ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಬರುತ್ತದೆ. ಎರಡು ಕಡೆ ಬೇರೆ ಬೇರೆ ಬಂದರೆ ಅನುಮಾನ ಪಡಿ. ಆದರೆ ಫೋರ್ಕ್ ಬೆಂಡ್ ಆಗಿದ್ದರೂ ಅಳತೆ ಕಮ್ಮಿ ಬರುತ್ತದೆ. ಅದಕ್ಕೆ ಫೋರ್ಕ್ ಬಿಚ್ಚಿದ ಮೇಲೆ ನೆಕ್ ಅನ್ನೇ ಬೇರೆ ನೋಡಬೇಕು. ಒಳ್ಳೆ ಲೇತ್ ಶಾಪ್ ಇದ್ದರೆ ನೆಕ್ ಒಳಗೆ ನೇರವಾದ ರಾಡ್ ಹಾಕಿ, ಹಿಂದಿನ ಸ್ವಿಂಗ್ ಆರ್ಮ್ ಬೋಲ್ಟ್‌ಗೆ ತಾಳೆ ನೋಡಿ ಹೇಳುತ್ತಾರೆ.

₹28,000 ಎಂದವರು ಟ್ಯಾಂಕ್ ಬಿಚ್ಚಿ ನೋಡಿದ್ದಾರಾ? ಅದೊಂದು ಕೇಳಿ.

ಅರಸೀಕೆರೆ ಅಣ್ಣ:

ಇಲ್ಲ ಸರ್. ಸರ್ವಿಸ್ ಸೆಂಟರ್ ಹೊರಗೆ ಗಾಡಿ ನಿಲ್ಲಿಸಿದ್ದರು, ಅಲ್ಲೇ ನೋಡಿ ಹೇಳಿದ್ದು. ಚಾಸಿ ಸ್ವಲ್ಪ ಎಳೆದರೆ ಸರಿಹೋಗುತ್ತದೆ, ಹೊಸದು ಬೇಕಿಲ್ಲ ಎಂದರು.

ತುಮಕೂರು ಗ್ಯಾರೇಜ್:

ಸ್ವಲ್ಪ ಎಳೆಯುವುದು ಎಂದರೆ ಗ್ಯಾಸ್ ಕೊಟ್ಟು ಬಿಸಿ ಮಾಡಿ, ಜಾಕ್ ಹಾಕಿ ತಳ್ಳುವುದು. ಕಣ್ಣಿಗೆ ನೇರ ಕಾಣುತ್ತದೆ. 40 ಸ್ಪೀಡಿನಲ್ಲಿ ಊರೊಳಗೆ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. 70ಕ್ಕೆ ಹೋದಾಗ ಹ್ಯಾಂಡಲ್ ಒಂದು ಕಡೆಗೆ ಎಳೆಯಲು ಶುರು ಮಾಡುತ್ತದೆ. ಗುಂಡಿಗೆ ಬಿದ್ದಾಗ ವೆಲ್ಡಿಂಗ್ ಜಾಗದಲ್ಲಿ ಏನಾಗುತ್ತದೆ ಎಂದು ಯಾರೂ ಗ್ಯಾರಂಟಿ ಕೊಡುವುದಿಲ್ಲ. ಅದೇ ರಸ್ತೆಯಲ್ಲಿ, ಅದೇ ರಾತ್ರಿ ಹೊತ್ತಲ್ಲಿ ನಿಮ್ಮ ತಮ್ಮ ಓಡಾಡಬೇಕು, ಅಲ್ವಾ?

ಫೋರ್ಕ್ ಪೈಪ್ ಕೂಡ ಪ್ರೆಸ್‌ಗೆ ಹಾಕಿ ನೇರ ಮಾಡಿ ಕೊಡುತ್ತಾರೆ. ಬೇಡ. ಕ್ರೋಮ್ ಎದ್ದು ಆಯಿಲ್ ಸೀಲ್ ಪದೇ ಪದೇ ಹೋಗುತ್ತದೆ. ಪೈಪ್ ಮತ್ತು ಅದನ್ನು ಹಿಡಿದುಕೊಳ್ಳುವ ಟಿ ಎರಡೂ ಹೊಸದೇ ಹಾಕಿಸಬೇಕು, ನೆಕ್‌ನ ಬೇರಿಂಗ್ ಅಂದರೆ ಕೋನ್ ಸೆಟ್ ಸಮೇತ.

ಮೈಸೂರು ಯೆಜ್ಡಿ:

ಗ್ಯಾರೇಜ್ ಅವರ ಮಾತಿಗೆ ಗೌರವ ಇದೆ. ಆದರೂ ಒಂದು ಮಾತು. ಎಳೆದ ಚಾಸಿ ಎಲ್ಲವೂ ಅಪಾಯ ಎಂದು ಹೇಳಿಬಿಟ್ಟರೆ ನಮ್ಮಂಥವರ ಗಾಡಿಗಳು ಒಂದೂ ರಸ್ತೆ ಮೇಲೆ ಇರುವುದಿಲ್ಲ. ನಮ್ಮ ಮನೆಯಲ್ಲಿ 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಇದೆ, ತಂದೆಯವರದು. ಹಿಂದೊಮ್ಮೆ ಕಾರು ಗುದ್ದಿ ಮುಂಭಾಗ ಪೂರ್ತಿ ಹೋಗಿತ್ತು. ಅದನ್ನು ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಇಲ್ಲೇ ಮೈಸೂರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಹೊಸ ಫ್ರೇಮ್ ಕೊಡಿ ಎಂದು ಯಾರ ಬಾಗಿಲಿಗೆ ಹೋಗುವುದು? ಆ ಕಾರ್ಖಾನೆಯಲ್ಲೇ ದುಡಿದಿದ್ದ ಹಿರಿಯರೊಬ್ಬರು ಅಳತೆ ಹಿಡಿದು ಹಿಡಿದು ಸರಿ ಮಾಡಿಕೊಟ್ಟರು. ಇವತ್ತಿಗೂ ಕೈ ಬಿಟ್ಟರೆ ನೇರ ಹೋಗುತ್ತದೆ.

ಗಾಡಿ ಎಂದರೆ ಕೆಲವರಿಗೆ ಬರೀ ಕಬ್ಬಿಣ ಅಲ್ಲ. ತಮ್ಮನಿಗೆ ಆ ಗಾಡಿ ಮೇಲೆ ಪ್ರೀತಿ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ತುಮಕೂರು ಗ್ಯಾರೇಜ್:

ಒಪ್ಪುತ್ತೇನೆ ಸರ್. ನಿಮ್ಮ ಮಾತಿನಲ್ಲೇ ಉತ್ತರ ಇದೆ. ಅವರು ಅಳತೆ ಹಿಡಿದು ಮಾಡಿದರು. ಫ್ರೇಮ್ ಅನ್ನು ಪೂರ್ತಿ ಬೆತ್ತಲೆ ಮಾಡಿ, ಜಿಗ್ (ಅಳತೆಗೆ ಹಿಡಿದಿಡುವ ಚೌಕಟ್ಟು) ಮೇಲೆ ಕೂರಿಸಿ, ಅಳೆದು ಸರಿ ಮಾಡುವವರ ಕೆಲಸ ಬೇರೆ. ಅದಕ್ಕೆ ಕೂಲಿಯೂ ಬೇರೆ. ನಾನು ಬೇಡ ಎಂದಿದ್ದು ಟ್ಯಾಂಕ್ ಕೂಡ ಬಿಚ್ಚದೆ ಹೇಳುವ ರೇಟ್. ಮತ್ತೆ, ರೋಡ್‌ಕಿಂಗ್‌ಗೆ ಬದಲಿ ಸಿಗುವುದಿಲ್ಲ. ಯೂನಿಕಾರ್ನ್‌ಗೆ ಪ್ರತಿ ಊರಲ್ಲೂ ಬದಲಿ ಸಿಗುತ್ತದೆ.

ಕ್ಲೈಮ್ ಲೆಕ್ಕ:

ನಾನು ಇನ್ಶೂರೆನ್ಸ್ ಕಚೇರಿಯಲ್ಲಿ ಮೋಟಾರ್ ಕ್ಲೈಮ್ ವಿಭಾಗದಲ್ಲಿದ್ದವನು, ಈಗ ನಿವೃತ್ತ. ಇವರ ಲೆಕ್ಕದಲ್ಲಿ ಒಂದು ಸೂಕ್ಷ್ಮ ಇದೆ.

ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಟೋಟಲ್ ಲಾಸ್ ಎನ್ನುವುದು ನಿಯಮ. ₹58,200ರಲ್ಲಿ 75% ಎಂದರೆ ₹43,650. ಆದರೆ ಸರ್ವಿಸ್ ಸೆಂಟರ್ ಕೊಟ್ಟ ಎಸ್ಟಿಮೇಟನ್ನು ಸೀದಾ ತಂದು ಇದರ ಪಕ್ಕ ಇಡುವುದಿಲ್ಲ. ಪಾಲಿಸಿ ಷರತ್ತಿನ ಪ್ರಕಾರ ಸವಕಳಿ ಕಳೆದು ಸರ್ವೇಯರ್ ಎಷ್ಟಕ್ಕೆ ತರುತ್ತಾರೆ ಎನ್ನುವುದು ಮುಖ್ಯ.

ಝೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ 50% ಕಳೆಯುತ್ತಾರೆ. ಗಾಜಿಗೆ ಏನೂ ಕಳೆಯುವುದಿಲ್ಲ. ಕಬ್ಬಿಣದ ಭಾಗಗಳಿಗೆ ಗಾಡಿಯ ವಯಸ್ಸಿನ ಮೇಲೆ: ಮೂರರಿಂದ ನಾಲ್ಕು ವರ್ಷದ ಗಾಡಿಗೆ 25%, ನಾಲ್ಕು ದಾಟಿದರೆ 35%. ಕೂಲಿಗೆ ಸವಕಳಿ ಇಲ್ಲ. ಅರಸೀಕೆರೆ ಅಣ್ಣನವರೇ, ನಿಮ್ಮ ಎಸ್ಟಿಮೇಟ್‌ನಲ್ಲಿ ಕಬ್ಬಿಣ ಎಷ್ಟು, ಪ್ಲಾಸ್ಟಿಕ್ ಎಷ್ಟು, ಕೂಲಿ ಎಷ್ಟು ಹೇಳುತ್ತೀರಾ?

ಅರಸೀಕೆರೆ ಅಣ್ಣ:

ಸುಮಾರಾಗಿ ಕಬ್ಬಿಣದ್ದು ₹40,000, ಪ್ಲಾಸ್ಟಿಕ್ ಮತ್ತು ರಬ್ಬರ್ ₹14,000, ಕೂಲಿ ₹7,000.

ಕ್ಲೈಮ್ ಲೆಕ್ಕ:

ಹಾಗಾದರೆ 30,000, 7,000, 7,000. ಒಟ್ಟು ₹44,000. ಗೆರೆಯಿಂದ ಮುನ್ನೂರೈವತ್ತು ರೂಪಾಯಿ ಮೇಲೆ ಇದ್ದೀರಿ. ಅಷ್ಟೇ.

ಇದರ ಅರ್ಥ ಏನು ಗೊತ್ತಾ? ಯಾವುದೋ ಒಂದು ಸಣ್ಣ ಭಾಗ ಪಟ್ಟಿಯಿಂದ ಬಿದ್ದುಹೋದರೆ ನಿಮ್ಮದು ರಿಪೇರಿ ಕ್ಲೈಮ್ ಆಗುತ್ತದೆ. ಆಗ ಇನ್ಶೂರೆನ್ಸ್ ₹43,000 ಚಿಲ್ಲರೆ ಕೊಡುತ್ತದೆ, ನೀವು ಕೈಯಿಂದ ₹17,000 ಚಿಲ್ಲರೆ ಹಾಕಿ ಹೊಸ ಫ್ರೇಮ್ ಇರುವ ಗಾಡಿ ತರುತ್ತೀರಿ. ನಿಮಗೆ ಗಾಡಿ ಉಳಿಸಿಕೊಳ್ಳಲೇಬೇಕು ಎಂದಿದ್ದರೆ ಮಾವನ ಮೆಕ್ಯಾನಿಕ್‌ಗಿಂತ ಈ ದಾರಿ ಮೇಲು. ಸರ್ವೇಯರ್ ಹತ್ತಿರ ಅಸೆಸ್‌ಮೆಂಟ್ ಶೀಟ್ ಕೇಳಿ. ಕೇಳುವುದು ನಿಮ್ಮ ಹಕ್ಕು. ಫ್ರೇಮ್ ಬದಲಾಯಿಸಿದರೆ ಹೊಸ ಚಾಸಿ ನಂಬರ್ ವಿಷಯ ಆರ್‌ಟಿಓದಲ್ಲಿ ಸರಿ ಮಾಡಿಸಿ ಆರ್‌ಸಿಯಲ್ಲಿ ನಮೂದಾಗಬೇಕು, ಅದು ನೆನಪಿರಲಿ.

ಇನ್ನು ಗಾಡಿ ಇಟ್ಟುಕೊಂಡು ₹42,100 ತೆಗೆದುಕೊಳ್ಳುವ ದಾರಿ. ಇದರಲ್ಲಿ ಯಾರೂ ಹೇಳದ ಖರ್ಚುಗಳಿವೆ. ಟೋಟಲ್ ಲಾಸ್ ದುಡ್ಡು ಕೈಗೆ ಬಂದ ದಿನ ಆ ಪಾಲಿಸಿಯ ಓಡಿ ಕವರ್, ಅಂದರೆ ಸ್ವಂತ ಗಾಡಿಯ ನಷ್ಟಕ್ಕೆ ಇರುವ ಕವರ್, ಮುಗಿಯಿತು. ನೀವು ಗಾಡಿ ತೆಗೆದುಕೊಂಡಾಗ ಐದು ವರ್ಷದ ಥರ್ಡ್ ಪಾರ್ಟಿ ಕಟ್ಟಿಸಿಕೊಂಡಿರುತ್ತಾರೆ, 2018ರ ಸೆಪ್ಟೆಂಬರ್‌ನಿಂದ ಹೊಸ ಟೂವೀಲರ್‌ಗೆ ಅದು ಕಡ್ಡಾಯ. ಅದು ಮುಂದುವರಿಯುತ್ತದೆಯಾ ಎಂದು ಬರಹದಲ್ಲಿ ಕೇಳಿ. ಬಾಯಿಮಾತು ನಂಬಬೇಡಿ. ಹೊಸದಾಗಿ ಓಡಿ ಪಾಲಿಸಿ ಬೇಕೆಂದರೆ ಗಾಡಿ ತಪಾಸಣೆ ಮಾಡುತ್ತಾರೆ, ಹಳೇ ಟೋಟಲ್ ಲಾಸ್ ದಾಖಲೆ ಅವರ ಕಣ್ಣಿಗೆ ಬೀಳುತ್ತದೆ. ನೋ ಕ್ಲೈಮ್ ಬೋನಸ್ ಅಂತೂ ಯಾವ ದಾರಿಯಲ್ಲಿ ಕ್ಲೈಮ್ ಮಾಡಿದರೂ ಸೊನ್ನೆಗೆ ಬರುತ್ತದೆ. ಆದರೆ ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬೋನಸ್ ಸಿಗುವುದು ಓಡಿ ಪ್ರೀಮಿಯಂ ಮೇಲೆ ಮಾತ್ರ, ಥರ್ಡ್ ಪಾರ್ಟಿ ಮೇಲೆ ಅಲ್ಲ. ಟೂವೀಲರ್‌ನಲ್ಲಿ ಅದು ಕೆಲವು ನೂರು ರೂಪಾಯಿ.

ಪಾರ್ಸೆಲ್ ಹುಡುಗ ಬೆಂಗಳೂರು:

ನಾನು ಇಡೀ ದಿನ ಗಾಡಿ ಮೇಲೆ ಇರುವವನು. ನನ್ನ ಪ್ರಕಾರ ಬಿಟ್ಟುಕೊಡಿ ಅಣ್ಣ.

₹58,000 ಕೈಗೆ ಬಂದರೆ ಅದಕ್ಕೆ ಒಂದಿಷ್ಟು ಸೇರಿಸಿ ಇದೇ ಮಾಡೆಲ್ ಒಳ್ಳೆ ಸೆಕೆಂಡ್ ಹ್ಯಾಂಡ್ ಗಾಡಿ ಸಿಗುತ್ತದೆ. ರಿಪೇರಿಗೆ ಬಿಟ್ಟರೆ ಪಾರ್ಟ್ ಬರಲಿಲ್ಲ, ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ವಾರಗಟ್ಟಲೆ ಕೂರಬೇಕು. ಗಾಡಿ ಇಲ್ಲದ ದಿನ ನಮಗೆ ದುಡಿಮೆ ಇಲ್ಲ. ಬಂದ ಮೇಲೂ ನೆಮ್ಮದಿ ಇರುವುದಿಲ್ಲ. ಸಣ್ಣ ಸದ್ದು ಬಂದರೂ ಅದೇ ಜಾಗವಾ ಎಂದು ಭಯ. ಎಬಿಎಸ್ ಸೆನ್ಸರ್ ಲೈಟ್ ಆಗಾಗ ಹತ್ತುವುದು, ವೈರಿಂಗ್‌ನಲ್ಲಿ ಎಲ್ಲೋ ಒಂದು ಲೂಸ್ ಕಾಂಟ್ಯಾಕ್ಟ್ ಉಳಿಯುವುದು, ಇವೆಲ್ಲ ಎಸ್ಟಿಮೇಟ್‌ನಲ್ಲಿ ಬರುವುದೇ ಇಲ್ಲ. ಮಾವನವರ ₹14,000 ಲಾಭ ಮೂರು ತಿಂಗಳಲ್ಲಿ ಗ್ಯಾರೇಜಿಗೆ ಹೋಗುತ್ತದೆ.

ಹಾಸನ ವಕೀಲೆ:

ಗಾಡಿ ಬಿಡುವುದೋ ಇಡುವುದೋ ನಿರ್ಧರಿಸುವ ಮೊದಲು ಕಾಗದದ ಕೆಲಸ ನೋಡಿಕೊಳ್ಳಿ. ಪೊಲೀಸ್ ಕೇಸ್ ಆಗಿದೆಯಾ? ಎಫ್‌ಐಆರ್ ಆಗಿದ್ದರೆ ಆರ್‌ಟಿಓ ಮೋಟಾರು ವಾಹನ ನಿರೀಕ್ಷಕರು ಗಾಡಿ ಪರಿಶೀಲಿಸಿ ವರದಿ ಕೊಟ್ಟಿರಬೇಕು. ಆ ವರದಿ ಆಗುವ ಮುಂಚೆ ಒಂದು ಬೋಲ್ಟ್ ಕೂಡ ಬಿಚ್ಚಿಸಬೇಡಿ. ಗಾಡಿಗೆ ಎಲ್ಲೆಲ್ಲಿ ಪೆಟ್ಟು ಬಿದ್ದಿದೆ ಎನ್ನುವುದೇ ಅಪಘಾತ ಹೇಗಾಯಿತು ಎನ್ನುವುದಕ್ಕೆ ಸಾಕ್ಷಿ.

ಇಲ್ಲಿ ಎಲ್ಲರೂ ಗಾಡಿಯ ನಷ್ಟ ಮಾತಾಡುತ್ತಿದ್ದೀರಿ. ತಮ್ಮನ ಭುಜದ ನಷ್ಟ? ಆಪರೇಷನ್ ಖರ್ಚು, ಕೆಲಸಕ್ಕೆ ಹೋಗದ ದಿನಗಳ ಸಂಬಳ, ಮುಂದೆ ಕೈ ಎತ್ತಲು ಕಷ್ಟ ಆದರೆ ಅದರ ಪರಿಹಾರ, ಇವನ್ನು ಟ್ರ್ಯಾಕ್ಟರ್‌ನ ಇನ್ಶೂರೆನ್ಸ್ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕೇಳಬಹುದು. ರಾತ್ರಿ ರಸ್ತೆಯಲ್ಲಿ ಲೈಟ್, ರಿಫ್ಲೆಕ್ಟರ್ ಇಲ್ಲದೆ ಟ್ರೈಲರ್ ನಿಲ್ಲಿಸಿದ್ದು ಅವರ ನಿರ್ಲಕ್ಷ್ಯ. ಹಿಂದಿನಿಂದ ಹೋಗಿ ಗುದ್ದಿದ್ದು ನಿಮ್ಮ ತಪ್ಪು ಎಂದು ಅವರು ವಾದ ಮಾಡುತ್ತಾರೆ, ಒಂದಿಷ್ಟು ಪಾಲು ಕಡಿತ ಆಗಲೂಬಹುದು. ಅದಕ್ಕೇ ಆ ರಾತ್ರಿಯ ಟ್ರೈಲರ್ ಫೋಟೋ ಇದ್ದರೆ ಜೋಪಾನ ಮಾಡಿ. 2022ರ ಏಪ್ರಿಲ್‌ನಿಂದ ಕಾಯ್ದೆಯಲ್ಲಿ ಆರು ತಿಂಗಳ ಗಡುವು ಇದೆ. ಕೈ ವಾಸಿಯಾಗಲಿ ಆಮೇಲೆ ನೋಡೋಣ ಎಂದು ಕೂರಬೇಡಿ.

ನಿಮ್ಮ ಪಾಲಿಸಿಯಲ್ಲಿರುವ ₹15 ಲಕ್ಷದ ಪಿಎ (ವೈಯಕ್ತಿಕ ಅಪಘಾತ) ಕವರ್ ಇಲ್ಲಿ ಬರುವುದಿಲ್ಲ. ಅದು ಆರ್‌ಸಿ ಮಾಲೀಕ ತಾನೇ ಓಡಿಸುವಾಗ ಆಗುವ ಸಾವು, ಶಾಶ್ವತ ಅಂಗವೈಕಲ್ಯಕ್ಕೆ. ಮಾಲೀಕರು ನೀವು, ಓಡಿಸಿದ್ದು ತಮ್ಮ.

ಅರಸೀಕೆರೆ ಅಣ್ಣ:

ಮೇಡಂ, ಎಫ್‌ಐಆರ್ ಆಗಿದೆ. ಇನ್‌ಸ್ಪೆಕ್ಟರ್ ಬಂದು ನೋಡಿ ಹೋದ ಮೇಲೇ ಸ್ಟೇಷನ್‌ನಿಂದ ಗಾಡಿ ಬಿಟ್ಟಿದ್ದು. ಊರಿನ ಹುಡುಗರು ಆ ರಾತ್ರಿ ಮೊಬೈಲ್‌ನಲ್ಲಿ ಟ್ರೈಲರ್ ಫೋಟೋ ತೆಗೆದಿದ್ದಾರೆ. ಪರಿಹಾರ ಕೇಳಬಹುದು ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬಹಳ ಉಪಕಾರ ಆಯಿತು.

ಗುಜರಿಯವರೊಬ್ಬರು ಬೇರೆ ಫೋನ್ ಮಾಡುತ್ತಿದ್ದಾರೆ. ಸಾಲ್ವೇಜ್ ನೀವೇ ಇಟ್ಟುಕೊಳ್ಳಿ, ನಾವು ₹21,000 ಕೊಡುತ್ತೇವೆ, ಆರ್‌ಸಿ ಸಮೇತ ಕೊಟ್ಟರೆ ಸಾಕು, ಟ್ರಾನ್ಸ್‌ಫರ್ ತಲೆಬಿಸಿ ಬೇಡ ಎನ್ನುತ್ತಾರೆ. ಇನ್ಶೂರೆನ್ಸ್‌ನವರು ಮುರಿಯುವುದು ₹16,000 ತಾನೇ? ₹5,000 ಲಾಭ ಅಲ್ವಾ?

ಶಿವಾಜಿನಗರ ಪಾರ್ಟ್ಸ್:

ಬೇಡ ಅಣ್ಣ, ದಯವಿಟ್ಟು ಬೇಡ.

ನಾನು ಹಳೇ ಪಾರ್ಟ್ಸ್ ವ್ಯಾಪಾರದಲ್ಲಿದ್ದೇನೆ. ಶಿವಾಜಿನಗರ ಗುಜರಿ, ಜೆ.ಸಿ. ರಸ್ತೆ ಎರಡೂ ಕಡೆ ಓಡಾಟ ಇದೆ. ಒಡೆದ ಗಾಡಿಯ ಬೆಲೆ ಎಂದರೆ ಎಂಜಿನ್, ಹಿಂದಿನ ವೀಲ್, ಮಾನೋಶಾಕ್, ಸೀಟ್, ಸೈಲೆನ್ಸರ್, ವೈರಿಂಗ್ ಸೆಟ್. ಮುಂದಿನಿಂದ ಗುದ್ದಿದ ಗಾಡಿಗೆ ಹಿಂದಿನ ಅರ್ಧ ಚೆನ್ನಾಗಿರುತ್ತದೆ, ಅದಕ್ಕೇ ದುಡ್ಡು. ಪಾರ್ಟ್ಸ್‌ಗಾಗಿ ತೆಗೆದುಕೊಳ್ಳುವವನಿಗೆ ಆರ್‌ಸಿ ಕಾರ್ಡ್ ಯಾಕೆ? ಅವನು ಮಾರುವುದು ಬೋಲ್ಟು ನಟ್ಟು. ಆರ್‌ಸಿ ಸಮೇತ ಬೇಕು, ಹೆಸರು ಮಾತ್ರ ಬದಲಾಯಿಸುವುದು ಬೇಡ, ಅದಕ್ಕೆ ಜಾಸ್ತಿ ಕೊಡುತ್ತೇನೆ ಎನ್ನುವವನಿಗೆ ಬೇಕಾಗಿರುವುದು ನಿಮ್ಮ ಗಾಡಿ ಅಲ್ಲ, ನಿಮ್ಮ ನಂಬರ್. ಕದ್ದ ಅದೇ ಮಾಡೆಲ್ ಗಾಡಿಗೆ ಆ ನಂಬರ್ ಹಾಕಿ ಓಡಿಸುವವರು ಇದ್ದಾರೆ. ನಿಯತ್ತಾಗಿ ವ್ಯಾಪಾರ ಮಾಡುವ ನಮಗೂ ಇಂಥವರಿಂದ ಕೆಟ್ಟ ಹೆಸರು.

ಹಾಸನ ವಕೀಲೆ:

ಪಾರ್ಟ್ಸ್‌ನವರು ಹೇಳಿದ್ದು ನೂರಕ್ಕೆ ನೂರು ನಿಜ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು. ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋದ ಕಾರೊಂದರ ಅಪಘಾತದ ಕೇಸಿನಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಮಾರಿದ್ದೇನೆ, ಗಾಡಿ ನನ್ನ ಹತ್ತಿರ ಇರಲಿಲ್ಲ ಎಂದರೆ ಕೇಳಲಿಲ್ಲ, ಪರಿಹಾರದ ಹೊಣೆ ಆರ್‌ಸಿಯಲ್ಲಿದ್ದ ಹೆಸರಿನ ಮೇಲೇ ಬಿತ್ತು. ನಿಮ್ಮ ನಂಬರಿನ ಗಾಡಿ ನಾಳೆ ಯಾರಿಗೋ ಗುದ್ದಿದರೆ, ಅದಕ್ಕೆ ಇನ್ಶೂರೆನ್ಸೂ ಇಲ್ಲದಿದ್ದರೆ, ನೋಟಿಸ್ ಅರಸೀಕೆರೆಗೆ ಬರುತ್ತದೆ. ₹5,000ಕ್ಕೆ ನಿಮ್ಮ ಜಮೀನು ಅಡ ಇಟ್ಟ ಹಾಗೆ.

ಯಾರಿಗೇ ಕೊಟ್ಟರೂ ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿದರೆ ಸಾಲದು. ಸಾರಿಗೆ ಇಲಾಖೆಯ ಪರಿವಾಹನ್ ವೆಬ್‌ಸೈಟ್‌ನಲ್ಲಿ ಹೆಸರು ಬದಲಾಗುವ ತನಕ ಬೆನ್ನು ಬಿಡಬೇಡಿ. ಗಾಡಿ ಇನ್ನು ರಸ್ತೆಗೆ ಬರುವುದೇ ಇಲ್ಲ ಎಂದಾದರೆ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಇದೆ. ಗಾಡಿ ಪೂರ್ತಿ ಹಾಳಾದರೆ 14 ದಿನದೊಳಗೆ, ಆಗದಿದ್ದರೆ ಆದಷ್ಟು ಬೇಗ ಆರ್‌ಟಿಓಗೆ ತಿಳಿಸಿ, ಆರ್‌ಸಿ ಒಪ್ಪಿಸಿ ನೋಂದಣಿ ರದ್ದು ಮಾಡಿಸಬೇಕು. ಇನ್ಶೂರೆನ್ಸ್‌ನವರಿಗೆ ಬಿಟ್ಟುಕೊಡುವಾಗಲೂ ಇದನ್ನೇ ಕೇಳಿ: ರದ್ದು ಮಾಡಿಸುತ್ತೀರಾ, ಅಥವಾ ಸಾಲ್ವೇಜ್ ಕೊಂಡವರ ಹೆಸರಿಗೆ ಮಾಡುತ್ತೀರಾ? ಗಾಡಿ ಒಪ್ಪಿಸಿದ ತಾರೀಖು, ಸಮಯ ಬರೆದು ಸಹಿ ಹಾಕಿದ ಪತ್ರ ಇಸಿದುಕೊಳ್ಳಿ. ಆರ್‌ಸಿಯ ಎರಡೂ ಬದಿ ಫೋಟೋ ತೆಗೆದಿಡಿ.

ಸಾಲದ ಮೇಲೆ ತೆಗೆದುಕೊಂಡಿದ್ದ ಗಾಡಿಯಾ? ಸಾಲ ತೀರಿದ್ದರೂ ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ಹಾಗೇ ಉಳಿದಿರುತ್ತದೆ, ಎಷ್ಟೋ ಜನಕ್ಕೆ ಅದು ಕ್ಲೈಮ್ ಹೊತ್ತಿಗೇ ಗೊತ್ತಾಗುವುದು. ಫೈನಾನ್ಸ್‌ನವರ ಎನ್‌ಒಸಿ (ಆಕ್ಷೇಪ ಇಲ್ಲ ಎನ್ನುವ ಪತ್ರ) ಮತ್ತು ಫಾರಂ 35 ಕೊಟ್ಟು ಈಗಲೇ ತೆಗೆಸಿ. ಇಲ್ಲದಿದ್ದರೆ ದುಡ್ಡು ಅವರ ಹೆಸರಿಗೆ ಹೋಗಬಹುದು.

ಶಿವಮೊಗ್ಗ ಅಕ್ಕ:

ಲೆಕ್ಕ, ಕಾನೂನು ಎಲ್ಲ ಬಂತು. ನನಗೆ ಕಾಡುತ್ತಿರುವುದು ನೀವು ಬರೆದ ಒಂದು ಸಾಲು. ತಮ್ಮ ಏನೂ ಹೇಳುತ್ತಿಲ್ಲ ಎಂದಿರಿ.

ನಾನು ಫಿಸಿಯೋಥೆರಪಿ ಮಾಡುವವಳು. ಬಿದ್ದು ಮೂಳೆ ಮುರಿದುಕೊಂಡ ಹುಡುಗರನ್ನು ದಿನಾ ನೋಡುತ್ತೇನೆ. ಭುಜ ವಾಸಿಯಾಗಿರುತ್ತದೆ, ಗಾಡಿ ಕೀ ಕೈಗೆ ಕೊಟ್ಟರೆ ಮುಖ ಬಾಡುತ್ತದೆ. ಮನೆಯವರಿಗೆ ಹೇಳಿಕೊಳ್ಳುವುದಿಲ್ಲ, ಹೆದರುಪುಕ್ಕಲ ಎಂದುಕೊಳ್ಳುತ್ತಾರೆ ಎಂದು. ಅದೇ ಗಾಡಿಯನ್ನು ಮತ್ತೆ ತಂದು ಅವನ ಮುಂದೆ ನಿಲ್ಲಿಸುವ ಮೊದಲು ಅವನ ಹತ್ತಿರ ಒಬ್ಬರೇ ಕೂತು ಕೇಳಿ. ಮಾವ, ಅಮ್ಮ ಎದುರಿಗೆ ಬೇಡ. ನಿಮ್ಮ ಅಮ್ಮನ ಮಾತನ್ನೂ ಸುಮ್ನೆ ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ಆ ಗಾಡಿ ನೋಡಿದಾಗಲೆಲ್ಲ ಆಸ್ಪತ್ರೆಯ ಆ ರಾತ್ರಿ ಅವರ ಕಣ್ಣೆದುರು ಬರುತ್ತದೆ. ಅದು ಸಹಜ.

ಇನ್ನೊಂದು. ಹೆಲ್ಮೆಟ್ ಹೊರಗಿಂದ ಚೆನ್ನಾಗಿದ್ದರೂ ಮತ್ತೆ ಬಳಸಬೇಡಿ. ಒಳಗಿನ ಥರ್ಮೋಕೋಲ್ ಪದರ ಒಂದು ಸಲ ಪೆಟ್ಟು ಹೀರಿಕೊಂಡು ಒತ್ತಿಹೋದರೆ ಮತ್ತೆ ಉಬ್ಬುವುದಿಲ್ಲ. ಎರಡನೇ ಸಲ ಅದು ತಲೆ ಕಾಯುವುದಿಲ್ಲ. ಐಎಸ್‌ಐ ಗುರುತು ಇರುವ ಹೊಸದು ತೆಗೆದುಕೊಳ್ಳಿ. ಹಳೆಯದನ್ನು ಯಾರಿಗೂ ಕೊಡದೆ ಒಡೆದು ಹಾಕಿ. ಹಾಂ, ವಕೀಲರು ಕೇಸಿಗೆ ಬೇಕು ಎಂದರೆ ಅಲ್ಲಿಯವರೆಗೆ ಎತ್ತಿಡಿ.

ಮೈಸೂರು ಯೆಜ್ಡಿ:

ಅಕ್ಕ ಹೇಳಿದ್ದು ಸರಿ. ನಾನು ಪ್ರೀತಿ ಲೆಕ್ಕಕ್ಕೆ ಹಿಡಿಯಿರಿ ಎಂದೆ. ಭಯವನ್ನೂ ಹಿಡಿಯಬೇಕು.

ಅರಸೀಕೆರೆ ಅಣ್ಣ:

ಒಂದಷ್ಟು ದಿನ ಬರೆಯಲಾಗಲಿಲ್ಲ. ಏನಾಯಿತು ಎಂದು ಹೇಳಿಬಿಡುತ್ತೇನೆ.

ಸರ್ವೇಯರ್‌ಗೆ ಫೋನ್ ಮಾಡಿ ಒಪ್ಪಿಗೆ ತೆಗೆದುಕೊಂಡು, ಹಾಸನದಿಂದ ಒಬ್ಬ ಲೇತ್ ಕೆಲಸಗಾರರನ್ನು ಸರ್ವಿಸ್ ಸೆಂಟರ್‌ಗೇ ಕರೆದುಕೊಂಡು ಹೋದೆ. ಟ್ಯಾಂಕ್ ಬಿಚ್ಚಿದರು. ನೆಕ್ ಕೆಳಗೆ ವೆಲ್ಡಿಂಗ್ ಪಕ್ಕದಲ್ಲಿ ಬಣ್ಣ ಅಲೆ ಅಲೆಯಾಗಿ ಎದ್ದಿತ್ತು. ಉಗುರಿನಲ್ಲಿ ಕೆರೆದರೆ ಚಕ್ಕೆ ಬಿತ್ತು, ಅದರಡಿ ಕೂದಲೆಳೆಯಷ್ಟು ಬಿರುಕು. ಟಾರ್ಚ್ ಒಂದು ಕೋನದಲ್ಲಿ ಹಿಡಿದರೆ ಮಾತ್ರ ಕಾಣುತ್ತಿತ್ತು. ಮುಂದಿನ ಎಂಜಿನ್ ಬೋಲ್ಟ್ ಕೈಯಲ್ಲಿ ಬರಲೇ ಇಲ್ಲ. ಫೋರ್ಕ್ ಇಳಿಸಿ ನೆಕ್ ಒಳಗೆ ರಾಡ್ ಹಾಕಿದಾಗ ಅದು ಹಿಂದಕ್ಕೂ ಬಾಗಿದೆ, ಸ್ವಲ್ಪ ಬಲಕ್ಕೂ ತಿರುಗಿದೆ. ಮಾವನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವರೇ ಬಿರುಕಿನ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ₹28,000 ಮಾತು ಎತ್ತಲಿಲ್ಲ.

ಅಸೆಸ್‌ಮೆಂಟ್ ಶೀಟ್ ಕೂಡ ಕೇಳಿದೆ. ₹44,000 ಚಿಲ್ಲರೆಯೇ ಇತ್ತು. ಕ್ಲೈಮ್ ಲೆಕ್ಕ ಸರ್ ಹೇಳಿದ ರಿಪೇರಿ ದಾರಿ, ಕೈಯಿಂದ ₹17,000 ಹಾಕುವುದು, ಅದನ್ನೂ ಯೋಚನೆ ಮಾಡಿದೆ. ತಮ್ಮನ ಹತ್ತಿರ ಒಬ್ಬನೇ ಕೂತು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಆ ಗಾಡಿ ಬೇಡ ಅಣ್ಣ, ಬೇರೆ ಯಾವುದಾದರೂ ಓಡಿಸುತ್ತೇನೆ, ಅದು ಬೇಡ ಎಂದ. ಅಷ್ಟು ಸಾಕಾಯಿತು.

ಬಿಟ್ಟುಕೊಡಲು ಒಪ್ಪಿಗೆ ಪತ್ರ ಕೊಟ್ಟಿದ್ದೇನೆ. ಫೈನಾನ್ಸ್ ಎನ್‌ಒಸಿ ಬಂದಿದೆ, ಫಾರಂ 35 ಹಾಕಿದ್ದೇನೆ. ಗುಜರಿಯವರ ನಂಬರ್ ಬ್ಲಾಕ್ ಮಾಡಿದೆ. ವಕೀಲರನ್ನು ನೋಡಿ ಪರಿಹಾರದ ಅರ್ಜಿಗೂ ಕಾಗದ ಕೊಟ್ಟಿದ್ದೇವೆ.

ಒಂದೇ ಪ್ರಶ್ನೆ ಉಳಿದಿದೆ. ಹಿಂದಿನ ಟೈರ್ ಹೊಸದು, ಅಪಘಾತಕ್ಕೆ ಸ್ವಲ್ಪ ಮುಂಚೆ ಹಾಕಿಸಿದ್ದು. ತಮ್ಮ ಹಾಕಿಸಿದ್ದ ಸೈಡ್ ಬ್ಯಾಗೂ ಗಾಡಿಯಲ್ಲೇ ಇದೆ. ಇವೆರಡನ್ನು ಬಿಚ್ಚಿಕೊಳ್ಳಬಹುದಾ?

ಕ್ಲೈಮ್ ಲೆಕ್ಕ:

ಟೈರ್ ಮುಟ್ಟಬೇಡಿ. ಸರ್ವೇಯರ್ ಫೋಟೋದಲ್ಲಿ ಆ ಟೈರ್ ಇದೆ, ₹16,000 ಸಾಲ್ವೇಜ್ ಬೆಲೆ ಬಂದಿರುವುದು ಅದನ್ನೂ ಸೇರಿಸಿ. ಬಿಚ್ಚಿದರೆ ಒಪ್ಪಿಸುವ ದಿನ ತಕರಾರು ಬರುತ್ತದೆ. ಬ್ಯಾಗ್ ಕಂಪನಿಯಿಂದ ಬಂದಿದ್ದಲ್ಲ, ಪಾಲಿಸಿಯಲ್ಲೂ ಸೇರಿಸಿಲ್ಲ ಎಂದರೆ ಅದು ನಿಮ್ಮದೇ. ಸರ್ವೇಯರ್‌ಗೆ ಒಂದು ಮೆಸೇಜ್ ಹಾಕಿ ಒಪ್ಪಿಗೆ ಬಂದ ಮೇಲೆ ತೆಗೆದುಕೊಳ್ಳಿ. ಮುಂದಿನ ಗಾಡಿಗೆ ಪಾಲಿಸಿ ಮಾಡಿಸುವಾಗ ಝೀರೋ ಡೆಪ್ ಸೇರಿಸಿದರೆ ಎಷ್ಟಾಗುತ್ತದೆ ಎಂದು ಕೇಳಿ ನೋಡಿ.

ತುಮಕೂರು ಗ್ಯಾರೇಜ್:

ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಟ್ಯಾಂಕ್ ಬಿಚ್ಚಿಸಿ ನೆಕ್ ನೋಡದೆ ಅಡ್ವಾನ್ಸ್ ಕೊಡಬೇಡಿ. ತುಮಕೂರು ಕಡೆ ಗಾಡಿ ಸಿಕ್ಕರೆ ಹೇಳಿ, ನಾನೇ ಬಂದು ನೋಡಿಕೊಡುತ್ತೇನೆ.